ವೇಗ ಕಾಯುವ ಯಂತ್ರ, ದೋಷದ ನಿದಾನ

ಆಯುರ್ವೇದದಲ್ಲಿ ‘ನಿದಾನ’ವೆಂದರೆ ರೋಗದ ಮೂಲವನ್ನು ನಿರ್ಣಯಿಸುವುದು, ಚಿಕಿತ್ಸೆ ಆಮೇಲಿನ ಮಾತು. ಈ ಶಬ್ದ ಯಂತ್ರಗಳಿಗೂ ಸಲ್ಲುತ್ತದೆ. ಚಾಲಕನು ಪೆಡಲ್ ಒತ್ತದಿದ್ದರೂ ಕಾರಿನ ವೇಗವನ್ನು ಒಂದೇ ಮಟ್ಟದಲ್ಲಿ ಉಳಿಸುವ ಕ್ರೂಸ್ ಕಂಟ್ರೋಲಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಆವಿಷ್ಕಾರದ ಕಥೆಯಾಗಿ ಓದುತ್ತೇವೆ. ಅದನ್ನೇ ದೋಷನಿದಾನದ ಕಥೆಯಾಗಿ ಓದಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ: ಭಾಗಗಳು ಬಿಡಿಬಿಡಿಯಾಗಿ ಸರಿಯಾಗಿದ್ದರೂ ಅವು ಕೂಡಿದೆಡೆಯಲ್ಲಿ ದೋಷ ಹುಟ್ಟಬಹುದು.

ಈ ಯಂತ್ರದ ಪೂರ್ವಜ, ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ ಗವರ್ನರ್. ವೇಗ ಹೆಚ್ಚಿದಾಗ ಅದರ ಎರಡು ಗುಂಡುಗಳು ತಿರುಗುತ್ತ ಹೊರಕ್ಕೆ ಸರಿದು ಉಗಿಯ ಕವಾಟವನ್ನು ಕಿರಿದಾಗಿಸುತ್ತಿದ್ದವು; ವೇಗ ತಗ್ಗಿದಾಗ ಒಳಸರಿದು ಕವಾಟವನ್ನು ತೆರೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೊಂದು ವಿಚಿತ್ರ ವ್ಯಾಧಿ ತಗುಲಿತು. ಯಂತ್ರದ ವೇಗ ಒಂದೆಡೆ ನಿಲ್ಲದೆ ಏರುತ್ತ ಇಳಿಯುತ್ತ ತೂಗಾಡತೊಡಗಿತು. ಭಾಗಗಳನ್ನು ಇನ್ನಷ್ಟು ನಯವಾಗಿ, ನಿಖರವಾಗಿ ತಯಾರಿಸಿದಂತೆಲ್ಲ ವ್ಯಾಧಿ ಉಲ್ಬಣಿಸಿತೇ ಹೊರತು ಶಮನವಾಗಲಿಲ್ಲ. 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗವರ್ನರುಗಳನ್ನು ಕುರಿತ ತನ್ನ ಪ್ರಬಂಧದಲ್ಲಿ ಈ ತೂಗಾಟವನ್ನು ಸಮೀಕರಣಗಳಿಗೆ ಇಳಿಸಿ, ಯಾವ ಸ್ಥಿತಿಯಲ್ಲಿ ಅದು ತಾನಾಗಿ ಅಡಗುತ್ತದೆ, ಯಾವ ಸ್ಥಿತಿಯಲ್ಲಿ ಬೆಳೆಯುತ್ತದೆ ಎಂದು ವಿಂಗಡಿಸಿದನು. ಕೆಲವು ವರ್ಷಗಳ ನಂತರ ರಷ್ಯದ ವಿಶ್ನೆಗ್ರಾಡ್‌ಸ್ಕಿ, ಇಂಥ ಗವರ್ನರಿಗೆ ಘರ್ಷಣೆ ಅವಶ್ಯವೆಂದು ತೋರಿಸಿದನು. ಕುಶಲಕರ್ಮಿಗಳು ದೋಷವೆಂದು ಬಗೆದು ನೀಗಿಸಿದ ಘರ್ಷಣೆಯೇ ತೂಗಾಟವನ್ನು ತಡೆದಿತ್ತು.

ಈ ತತ್ತ್ವವನ್ನು ಕಾರಿಗೆ ತಂದವನು ಅಮೆರಿಕದ ಇಂಡಿಯಾನಾ ಸೀಮೆಯ ರಾಲ್ಫ್ ಟೀಟರ್. ಐದನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಈತ 1912ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, ಮುಂದೆ ಪಿಸ್ಟನ್ ರಿಂಗ್ ತಯಾರಿಸುವ ಸಂಸ್ಥೆಯ ಅಧ್ಯಕ್ಷನಾದನು. ಆತನ ವಕೀಲನು ಕಾರು ಓಡಿಸುವಾಗ ಮಾತನಾಡುತ್ತ ವೇಗ ತಗ್ಗಿಸಿ, ಕೇಳುತ್ತ ಹೆಚ್ಚಿಸುತ್ತಿದ್ದನಂತೆ. ಪಕ್ಕದಲ್ಲಿ ಕುಳಿತ ಟೀಟರನಿಗೆ ಆ ಕುಲುಕಾಟ ದೇಹದಿಂದಲೇ ತಿಳಿಯುತ್ತಿತ್ತು. 1950ರಲ್ಲಿ ಆತನಿಗೆ ಪೇಟೆಂಟ್ ದೊರೆಯಿತು. 1958ರಲ್ಲಿ ಕ್ರೈಸ್ಲರ್ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು.

ವೇಗವನ್ನು ಹಿಡಿದಿಡುವ ಯಂತ್ರಕ್ಕೆ ಬಿಡುವುದೂ ತಿಳಿದಿರಬೇಕು. ಚಾಲಕ ಬ್ರೇಕ್ ಒತ್ತಿದೊಡನೆ ಅದು ಸುಮ್ಮನಾಗದಿದ್ದರೆ ಅನಾಹುತ. ಬ್ರೇಕ್ ಪೆಡಲಿನ ಬಳಿಯ ಸ್ವಿಚ್ ಕೈಕೊಟ್ಟರೂ ಆಪತ್ತು ಬರಬಾರದೆಂದು ಫೋರ್ಡ್ ಸಂಸ್ಥೆ ತನ್ನ ಅನೇಕ ಮಾದರಿಗಳಲ್ಲಿ ಎರಡನೆಯದೊಂದು ಸ್ವಿಚ್ ಇರಿಸಿತು. ಬ್ರೇಕ್ ದ್ರವದ ಒತ್ತಡ ಏರಿದೊಡನೆ ವಿದ್ಯುತ್ತನ್ನು ಕಡಿದು ಕ್ರೂಸ್ ಕಂಟ್ರೋಲನ್ನು ಬಿಡಿಸುವುದು ಅದರ ಕೆಲಸ. ಅದರೊಳಗೆ ಒಂದು ಕಡೆ ಬ್ರೇಕ್ ದ್ರವ, ಇನ್ನೊಂದು ಕಡೆ ವಿದ್ಯುತ್ ಸಂಪರ್ಕಗಳು. ನಡುವೆ ತೆಳುವಾದೊಂದು ಪೊರೆ. ಎಂಜಿನ್ ಆರಿಸಿ ಕೀಲಿ ತೆಗೆದ ಮೇಲೂ ಆ ಸ್ವಿಚ್ಚಿಗೆ ವಿದ್ಯುತ್ ಹರಿಯುತ್ತಿತ್ತು.

ವರ್ಷಗಳ ಒತ್ತಡದಿಂದ ಪೊರೆ ಬಿರಿದಾಗ ದ್ರವ ಒಳಗೆ ಸೋರಿ, ಸಂಪರ್ಕಗಳು ಸವೆದು, ವಿದ್ಯುತ್ ಲೋಹದ ಕವಚಕ್ಕೆ ದಾರಿ ಕಂಡುಕೊಂಡು ಕಾಯಿಸಿ ಬೆಂಕಿ ಹತ್ತಿಸುತ್ತಿತ್ತು. ಹೀಗಾಗಿ ನಿಲ್ಲಿಸಿ ಗಂಟೆಗಳಾದ ಕಾರುಗಳು, ಮನೆಯವರು ನಿದ್ರಿಸುತ್ತಿರುವಾಗ, ಉರಿದವು. ಕೆಲವೆಡೆ ಮನೆಗೂ ಬೆಂಕಿ ತಗುಲಿತು. ಸಾವುಗಳಿಗೆ ಇದೇ ಕಾರಣವೆಂದು ನ್ಯಾಯಾಲಯಗಳಲ್ಲಿ ದಾವೆಗಳೂ ನಡೆದವು.

ಬಳಸುವಾಗ ಅಲ್ಲ, ಬಳಸದಿರುವಾಗ ಅಪಾಯ ತರುವ ದೋಷವಿದು. ಕಾರು ನಿಂತಿರುವಾಗ ಹೊತ್ತಿದ ಬೆಂಕಿಯನ್ನು ಕಂಡು ಕ್ರೂಸ್ ಕಂಟ್ರೋಲನ್ನು ಯಾರು ತಾನೇ ಶಂಕಿಸಿಯಾರು? 1999ರಲ್ಲಿ ಮೊದಲ ಬಾರಿಗೆ ಕೆಲವು ಮಾದರಿಯ ವಾಹನಗಳನ್ನು ಹಿಂದಕ್ಕೆ ಕರೆಸಲಾಯಿತು. ಆದರೆ ಬೇರೆ ಮಾದರಿಗಳಲ್ಲಿಯೂ ಬೆಂಕಿ ಕಾಣಿಸಿಕೊಂಡಿತು. ಹಾಗಾದರೆ ದೋಷ ಸ್ವಿಚ್ಚಿನದೋ, ಅದನ್ನು ಕೂರಿಸಿದ ಕೋನದ್ದೋ, ಅದಕ್ಕೆ ಹರಿಯುವ ವಿದ್ಯುತ್ತಿನದೋ, ಬ್ರೇಕ್ ಕೊಳವೆಯೊಳಗಿನ ಒತ್ತಡದ ಏರಿಳಿತದ್ದೋ? ಸ್ವಿಚ್ ತಯಾರಿಸಿದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್, ಕಾರು ತಯಾರಿಸಿದ ಫೋರ್ಡ್, ಸರ್ಕಾರದ ತನಿಖಾಧಿಕಾರಿಗಳು ಈ ಪ್ರಶ್ನೆಗಳ ಸುತ್ತ ವರ್ಷಗಳನ್ನು ಕಳೆದರು. ಕರೆಸುವಿಕೆ 2005, 2006, 2007ರಲ್ಲಿ ಮರುಕಳಿಸಿತು. 2009ರ ಅಕ್ಟೋಬರಿನಲ್ಲಿ ಇನ್ನೂ 45 ಲಕ್ಷ ವಾಹನಗಳು ಸೇರಿ ಒಟ್ಟು ಸಂಖ್ಯೆ 1 ಕೋಟಿ 40 ಲಕ್ಷವನ್ನು ಮೀರಿತು. ಪರಿಹಾರವಾದರೋ ಬಹಳ ಸರಳ: ಸ್ವಿಚ್ಚಿನ ದಾರಿಯಲ್ಲಿ ಫ್ಯೂಸ್ ಇರುವ ಒಂದು ಪುಟ್ಟ ತಂತಿಜೋಡಣೆ. ವಿದ್ಯುತ್ ಮಿತಿ ಮೀರಿದರೆ ಬೆಂಕಿಗೆ ಮೊದಲೇ ಫ್ಯೂಸ್ ಹೋಗುತ್ತದೆ. ಮದ್ದು ಅಗ್ಗ, ಅದು ತಲಪಬೇಕಾದವರೆಲ್ಲರಿಗೂ ತಲಪಲು ಹತ್ತು ವರ್ಷ ಬೇಕಾಯಿತು.

ಇಂದಿನ ಗ್ಯಾರೇಜುಗಳಲ್ಲಿ ಸ್ಕ್ಯಾನರ್ ಜೋಡಿಸಿದರೆ ಕಾರೇ ತನ್ನ ದೂರನ್ನು ಹೇಳುತ್ತದೆ. ಪಿ0571 ಎಂಬ ಸಂಕೇತ ಬಂದರೆ ಬ್ರೇಕ್ ಸ್ವಿಚ್ಚಿನ ವಿದ್ಯುತ್ ಮಂಡಲದಲ್ಲಿ ತೊಂದರೆಯಿದೆ ಎಂದರ್ಥ. ಅದು ಊರಿನ ಹೆಸರು, ಮನೆಯ ವಿಳಾಸವಲ್ಲ. ಸ್ವಿಚ್ ಕೆಟ್ಟಿರಬಹುದು, ತಂತಿ ಸವೆದಿರಬಹುದು, ಪೆಡಲಿನ ಹೊಂದಾಣಿಕೆ ತಪ್ಪಿರಬಹುದು, ಫ್ಯೂಸ್ ಹೋಗಿರಬಹುದು. ಹೋದ ಫ್ಯೂಸನ್ನು ಬದಲಿಸುವುದು ಕ್ಷಣದ ಕೆಲಸ. ಅದು ಏಕೆ ಹೋಯಿತೆಂದು ಕೇಳುವುದು ನಿದಾನ. ಆ ಪ್ರಶ್ನೆಯನ್ನು ಬೇಗ ಕೇಳುವುದು ಎಷ್ಟು ಮುಖ್ಯವೆಂಬುದನ್ನು ನಿಂತಲ್ಲೇ ಉರಿದ ಆ ಕಾರುಗಳು ತೋರಿಸಿವೆ.