ಖಗೇಂದ್ರಮಣಿಯೂ ವಿಷಮಾಹಿತಿ ಕೇಂದ್ರವೂ

ವಿಷವೆಂದೊಡನೆ ನಮ್ಮ ಕಡೆಯವರಿಗೆ ನಾಗರಹಾವೇ ನೆನಪಾಗುವುದು. ಪೂರ್ವಿಕರ ದೃಷ್ಟಿಯು ಇಷ್ಟು ಸಂಕುಚಿತವಾಗಿರಲಿಲ್ಲ. ವಿಜಯನಗರದ ಕಾಲದಲ್ಲಿ, ಸುಮಾರು 1360ರಲ್ಲಿ, ಜೈನಕವಿ ಮಂಗರಾಜನು ರಚಿಸಿದ ‘ಖಗೇಂದ್ರಮಣಿದರ್ಪಣ’ವು ಬೇರು ನಾರುಗಳ ಸ್ಥಾವರವಿಷವನ್ನೂ ಹಾವು ಚೇಳುಗಳ ಜಂಗಮವಿಷವನ್ನೂ ಚಿಕಿತ್ಸಾಸಹಿತವಾಗಿ ಕನ್ನಡದಲ್ಲಿಯೇ ನಿರೂಪಿಸುವುದು. ಖಗೇಂದ್ರನೆಂದರೆ ಗರುಡನು. ವಿಷಜ್ಞಾನವನ್ನು ಒಂದೆಡೆ ಕೂಡಿಡಬೇಕೆಂಬ ಬುದ್ಧಿಯು ಪರದೇಶದಿಂದಲೇ ಬಂದುದೆಂದು ಯಾರೂ ಭಾವಿಸಬೇಕಾಗಿಲ್ಲ.

ಆದರೆ ಗ್ರಂಥವನ್ನು ತೆರೆದು ನೋಡುವಷ್ಟು ವ್ಯವಧಾನವು ವಿಷಕ್ಕಿಲ್ಲ. ಅಮೆರಿಕದ ಮೊದಲ ವಿಷನಿಯಂತ್ರಣ ಕೇಂದ್ರವು 1953ರಲ್ಲಿ ಷಿಕಾಗೋದಲ್ಲಿ ಹುಟ್ಟಿತು. ನಮ್ಮ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದುದೂ ಅದೇ ವರ್ಷ. ಭಾರತದ ರಾಷ್ಟ್ರೀಯ ಕೇಂದ್ರವು ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ 1995ರಲ್ಲಿ ಸ್ಥಾಪಿತವಾಯಿತು. ಏನು, ಎಷ್ಟು, ಯಾವಾಗ ಹೊಟ್ಟೆಗೆ ಹೋಯಿತೆಂದು ವಿಚಾರಿಸಿ, ಮಾಡತಕ್ಕುದನ್ನು ಅಹೋರಾತ್ರಿ ದೂರವಾಣಿಯ ಮೂಲಕ ತಿಳಿಸುವುದು ಅದರ ಕಾರ್ಯ. ಮಾಡಬಾರದುದನ್ನು ತಿಳಿಸುವುದು ಅದಕ್ಕಿಂತಲೂ ದೊಡ್ಡ ಉಪಕಾರವೆಂಬುದು ನನ್ನ ಅಭಿಪ್ರಾಯ.

ಏಕೆಂದರೆ, ಹಿಂದೊಮ್ಮೆ ಉಚ್ಚಿಲದ ನಮ್ಮ ನೆರೆಮನೆಯ ಮಗುವು ಷರಬತ್ತಿನ ಬಾಟಲಿಯಲ್ಲಿಟ್ಟಿದ್ದ ಚಿಮಿಣಿ ಎಣ್ಣೆಯನ್ನು ಕುಡಿಯಿತು. ಹಿರಿಯರು ಉಪ್ಪುನೀರು ಕುಡಿಸಿ ವಾಂತಿಮಾಡಿಸಿದರು. ಸಂಸ್ಕೃತ ಬಲ್ಲ ಮೇಷ್ಟ್ರೆಂದು ನನ್ನನ್ನು ಕೇಳಿದಾಗ ನಾನೂ ಹೂಂಗುಟ್ಟಿ, ಚೊಂಬು ಹಿಡಿದು ನಿಂತೆನು. ವಾಂತಿಯೊಡನೆ ಆ ಎಣ್ಣೆಯು ಶ್ವಾಸಕೋಶಕ್ಕೆ ಇಳಿಯುವುದೆಂದೂ, ಹೊಟ್ಟೆಗಿಂತ ಅಲ್ಲಿಯೇ ಅದು ಘಾತುಕವೆಂದೂ ಆಸ್ಪತ್ರೆಯ ವೈದ್ಯರಿಂದ ಆಮೇಲೆ ತಿಳಿದೆನು. ಮಗು ಬದುಕಿತು. ಆ ಕೆಮ್ಮಿನ ಧ್ವನಿಯು ಮಾತ್ರ ಬಹುದಿನ ನಮ್ಮ ಜಗಲಿಗೆ ಕೇಳಿಸುತ್ತಿದ್ದಿತು.