ಲಿನಕ್ಸ್ ಗಣಕಗಳಲ್ಲಿ ಹೋಮ್ ಡೈರೆಕ್ಟರಿ ತಾನಾಗಿ ಅನ್‌ಮೌಂಟ್ ಆಗದಿದ್ದಲ್ಲಿ ಅನುಸರಿಸಬೇಕಾದ ಕ್ರಮ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳಲ್ಲಿ ಲಿನಕ್ಸ್ ಪ್ರಯೋಗಾಲಯಗಳನ್ನು ನಿರ್ವಹಿಸುವವರ ಉಪಯೋಗಕ್ಕಾಗಿ ಈ ಮಾಹಿತಿ ನೀಡಲಾಗಿದೆ.

ಬಳಕೆದಾರರ ಕಡತಗಳು ಒಂದೇ ಸರ್ವರ್‌ನಲ್ಲಿದ್ದಾಗ, ಲಾಗಿನ್ ಆದೊಡನೆ ಆಟೋಎಫ್‌ಎಸ್ ತಂತ್ರಾಂಶವು ಎನ್‌ಎಫ್‌ಎಸ್ ಮೂಲಕ ಅವರವರ ಹೋಮ್ ಡೈರೆಕ್ಟರಿಯನ್ನು ಮೌಂಟ್ ಮಾಡುತ್ತದೆ. ಬಳಕೆ ನಿಂತು ನಿಗದಿತ ಅವಧಿ ಕಳೆದ ಮೇಲೆ ಅದು ತಾನಾಗಿ ಅನ್‌ಮೌಂಟ್ ಆಗತಕ್ಕದ್ದು. ರೆಡ್ ಹ್ಯಾಟ್ ಆವೃತ್ತಿಗಳಲ್ಲಿ ಪೂರ್ವನಿಗದಿತ ಅವಧಿ 300 ಸೆಕೆಂಡು.

ಹೀಗಾಗದಿರಲು ಸಾಮಾನ್ಯ ಕಾರಣವೆಂದರೆ, ಲಾಗ್‌ಔಟ್ ನಂತರವೂ ಉಳಿದ ಬ್ರೌಸರ್, ಧ್ವನಿ ಸೇವೆ ಮುಂತಾದ ಪ್ರಕ್ರಿಯೆಯೊಂದು ಅಲ್ಲಿನ ಕಡತವನ್ನು ತೆರೆದಿಟ್ಟಿರುವುದು. ರೂಟ್ ಬಳಕೆದಾರರಾಗಿ 'ಎಫ್‌ಯೂಸರ್' ಆದೇಶವನ್ನು 'ಎಂ' ಮತ್ತು 'ವಿ' ಆಯ್ಕೆಗಳೊಡನೆ ಚಲಾಯಿಸಿದಲ್ಲಿ ಅದರ ಸಂಖ್ಯೆ ಹಾಗೂ ಬಳಕೆದಾರರ ಹೆಸರು ದೊರೆಯುತ್ತದೆ. ಎಷ್ಟೋ ಬಾರಿ ಪರಿಶೀಲಿಸಲು ಬಂದ ನಿರ್ವಾಹಕರ ಶೆಲ್ ಆ ಡೈರೆಕ್ಟರಿಯೊಳಗೇ ನಿಂತಿರುವುದುಂಟು! ಮೊದಲು ಅದರಿಂದ ಹೊರಬರತಕ್ಕದ್ದು. ಬಳಕೆದಾರರು ಕೆಲಸದಲ್ಲಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಇತರ ಪ್ರಕ್ರಿಯೆಯನ್ನು ನಿಲ್ಲಿಸುವುದು.

'ಯುಮೌಂಟ್' ಆದೇಶದ 'ಎಲ್' ಆಯ್ಕೆಯು ಡೈರೆಕ್ಟರಿಯನ್ನು ಕಣ್ಣಿಗೆ ಮರೆಮಾಡುತ್ತದೆಯೇ ಹೊರತು ಪ್ರಕ್ರಿಯೆಯ ಹಿಡಿತವನ್ನು ಬಿಡಿಸುವುದಿಲ್ಲ.

ಮಳೆಗಾಲದಲ್ಲಿ ವಿದ್ಯುತ್ ಕಡಿತಗೊಂಡು ಸರ್ವರ್ ನಿಂತಲ್ಲಿ, ಯುಪಿಎಸ್ ಮೇಲೆ ನಡೆಯುತ್ತಿರುವ ಗಣಕಗಳು ಸ್ತಬ್ಧವಾದಂತೆ ತೋರುತ್ತವೆ. ಇದು ದೋಷವಲ್ಲ. 'ಹಾರ್ಡ್' ಮೌಂಟ್ ಸರ್ವರ್‌ಗಾಗಿ ಕಾಯುತ್ತದೆ. ಸರ್ವರ್ ಮರಳಿದೊಡನೆ ನಿಂತ ಬರವಣಿಗೆ ಮುಂದುವರಿಯುತ್ತದೆ. ಕಾಯುವ ತೊಂದರೆ ತಪ್ಪಿಸಲೆಂದು 'ಸಾಫ್ಟ್' ಆಯ್ಕೆಗೆ ಬದಲಾಯಿಸಬಾರದು. ಹಾಗೆ ಮಾಡಿದಲ್ಲಿ ಅವಧಿ ಮೀರಿದ ಬರವಣಿಗೆ ವಿಫಲಗೊಂಡು, ವಿದ್ಯಾರ್ಥಿಯ ಪ್ರಾಜೆಕ್ಟ್ ಕಡತವು ಅರ್ಧಕ್ಕೇ ಕೆಟ್ಟು ಉಳಿಯುವ ಸಂಭವವಿದೆ.