ಎಂಬತ್ತು ರೂಪಾಯಿಯ ಮೂಲಧನ: ಲಿಜ್ಜತ್ ಸಂಸ್ಥೆಯ ಇತಿಹಾಸದ ವಿವೇಚನೆ

ನಮ್ಮ ದೇಶದ ವಾಣಿಜ್ಯದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಗಿರಣಿಗಳನ್ನೂ ಬ್ಯಾಂಕುಗಳನ್ನೂ ಸೇಠರ ಪೇಢಿಗಳನ್ನೂ ಎಣಿಸಿದ್ದಾರೆ; ಅಡುಗೆಮನೆಯ ಕಡೆಗೆ ಅವರ ದೃಷ್ಟಿ ಹರಿದುದು ವಿರಳ. ಹಪ್ಪಳ ಸಂಡಿಗೆಗಳು ಬೇಸಗೆಯ ಗೃಹಕೃತ್ಯವೆಂದೇ ಗಣನೆಗೆ ಬಂದುದರಿಂದ ಆ ಕೌಶಲಕ್ಕೆ ಬೆಲೆ ಕಟ್ಟುವ ಪ್ರಸಂಗವೇ ಒದಗಲಿಲ್ಲ. ಮುಂಬಯಿಯಲ್ಲಿ ಹುಟ್ಟಿದ ‘ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್’ ಸಂಸ್ಥೆ ಈ ಎಣಿಕೆಯನ್ನು ಹೇಗೆ ತಿದ್ದಿತೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

1959ರ ಮಾರ್ಚ್ 15ರಂದು ಗಿರಗಾಂವದಲ್ಲಿ ಜಸ್ವಂತಿಬೆನ್ ಜಮ್ನಾದಾಸ್ ಪೋಪಟ್ ಅವರೂ ಅವರ ನೆರೆಹೊರೆಯ ಆರು ಮಂದಿ ಗೃಹಿಣಿಯರೂ ಮಾಳಿಗೆಯ ಮೇಲೆ ಕುಳಿತು ನಾಲ್ಕು ಕಟ್ಟು ಹಪ್ಪಳ ಲಟ್ಟಿಸಿದರು. ಸಾಮಗ್ರಿಗಾಗಿ ಸಮಾಜಸೇವಕರಾದ ಛಗನ್‌ಲಾಲ್ ಕರಮಸಿ ಪಾರೇಖರಿಂದ 80 ರೂಪಾಯಿ ತಂದಿದ್ದರು. ಅದು ದಾನವಲ್ಲ, ಸಾಲ. ಸರಕನ್ನು ಭುಲೇಶ್ವರದ ಪರಿಚಿತ ವ್ಯಾಪಾರಿಯೊಬ್ಬರು ಕೊಂಡರು. ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಆದರೂ ಮೊದಲನೆಯ ವರ್ಷದ ಮಾರಾಟ 6,196 ರೂಪಾಯಿಗೆ ಮುಟ್ಟಿತು. ಮರುವರ್ಷ ಒಂದು ಮಂಚ, ಒಂದು ಸ್ಟೌ ಕೊಂಡು, ಮಂಚದ ಮೇಲೆ ಹಪ್ಪಳ ಹರಡಿ ಕೆಳಗೆ ಸ್ಟೌ ಹೊತ್ತಿಸಿ ಮಳೆಯ ಅಡ್ಡಿಯನ್ನೂ ನಿವಾರಿಸಿಕೊಂಡರು.

ಈ 80 ರೂಪಾಯಿಯ ಕಥೆಯನ್ನು ಪವಾಡದಂತೆ ಹೇಳುವ ರೂಢಿಯುಂಟು. ಸಾಲದ ಅರ್ಜಿಗಳನ್ನು ನೋಡುವುದೇ ವೃತ್ತಿಯಾದವನಿಗೆ ಅದರಲ್ಲಿ ಬೇರೊಂದು ಅಂಶ ಕಾಣುತ್ತದೆ. ಅಡವಿಡಲು ಆಸ್ತಿಯಿಲ್ಲದ, ಲೆಕ್ಕಪತ್ರದ ಪೂರ್ವಚರಿತ್ರೆಯಿಲ್ಲದ ಏಳು ಮಂದಿ ಗೃಹಿಣಿಯರಿಗೆ ಅಂದಿನ ಯಾವ ಬ್ಯಾಂಕೂ ಸುಲಭವಾಗಿ ಸಾಲ ಕೊಡುತ್ತಿರಲಿಲ್ಲ. ಆದಕಾರಣ ಅವರು ಜಾಮೀನನ್ನು ತಮ್ಮ ನಡವಳಿಕೆಯಿಂದಲೇ ನಿರ್ಮಿಸಬೇಕಾಯಿತು. ಮೊದಲು ಎರಡು ದರ್ಜೆಯ ಹಪ್ಪಳ ಮಾಡಿ, ಕೆಳದರ್ಜೆಯದನ್ನು ಅಗ್ಗವಾಗಿ ಮಾರುವ ವಿಚಾರವಿತ್ತು. ಪಾರೇಖರು ಅದನ್ನು ತಡೆದು, ಒಂದೇ ಗುಣಮಟ್ಟವನ್ನು ಕಾಯುವಂತೆಯೂ ಲೆಕ್ಕವನ್ನು ಕ್ರಮವಾಗಿ ಇಡುವಂತೆಯೂ ಬೋಧಿಸಿದರು.

ಸಂಸ್ಥೆಯ ಕಾರ್ಯವಿಧಾನವೂ ಇದಕ್ಕೆ ಅನುಗುಣವಾಗಿಯೇ ಬೆಳೆಯಿತು. ಹಿಟ್ಟನ್ನು ಕೇಂದ್ರದಲ್ಲಿಯೇ ಕಲಸುವುದರಿಂದ ರುಚಿ ಏಕರೂಪವಾಗಿರುತ್ತದೆ. ಸದಸ್ಯೆಯರು ಅದನ್ನು ಮನೆಗೆ ಒಯ್ದು, ಲಟ್ಟಿಸಿ, ಒಣಗಿಸಿ, ತಂದೊಪ್ಪಿಸಿ ಮಜೂರಿ ಪಡೆಯುತ್ತಾರೆ. ಲಟ್ಟಿಸುವ ಪ್ರತಿಯೊಬ್ಬಳೂ ಸಂಸ್ಥೆಯ ಒಡತಿಯೇ. ಲಾಭದಲ್ಲಿಯೂ ನಷ್ಟದಲ್ಲಿಯೂ ಅವಳಿಗೆ ಪಾಲುಂಟು. ಎಲ್ಲರೂ ಪರಸ್ಪರ ‘ಬೆಹೆನ್’, ಅಂದರೆ ಸೋದರಿ, ಎಂದೇ ಕರೆದುಕೊಳ್ಳುತ್ತಾರೆ.

1962ರಲ್ಲಿ, ಗುಜರಾತಿಯಲ್ಲಿ ರುಚಿ ಎಂಬ ಅರ್ಥದ ‘ಲಿಜ್ಜತ್’ ಎಂಬ ಹೆಸರನ್ನು ಆರಿಸಲಾಯಿತು. 1966ರಲ್ಲಿ ಸಂಸ್ಥೆ 1860ರ ಸಂಘಗಳ ನೋಂದಣಿ ಕಾಯಿದೆಯಂತೆ ನೋಂದಣಿಯಾಯಿತು. ಅದೇ ವರ್ಷ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮನ್ನಣೆಯೂ ದೊರೆತು, ಅದರ ಬೆನ್ನಲ್ಲೇ ಎಂಟು ಲಕ್ಷ ರೂಪಾಯಿ ಬಂಡವಾಳವೂ ಬಂದಿತು. ಇಲ್ಲಿ ಕಾಲಕ್ರಮವನ್ನು ವಾಚಕರು ಗಮನಿಸಬೇಕು: ದೊಡ್ಡ ಬಂಡವಾಳ ಬಂದುದು ಏಳು ವರ್ಷಗಳ ದುಡಿಮೆಯ ಅನಂತರ.

ಇದರಲ್ಲಿ ಉದ್ಯಮವೆಲ್ಲಿ, ಲಟ್ಟಣಿಗೆಯ ಮಜೂರಿಯಷ್ಟೇ ಅಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ನಿರಾಧಾರವಲ್ಲ. ಮನೆಗೆಲಸದ ಹೊರೆಯ ಮೇಲೆಯೇ ಈ ದುಡಿಮೆಯೂ ಬೀಳುತ್ತದೆಂಬುದು ನಿಜ. ಆದರೆ ಮಜೂರಿಗೂ ಉದ್ಯಮಕ್ಕೂ ಇರುವ ಅಂತರ ಒಡೆತನದಲ್ಲಿದೆ. ಬೆಲೆ, ಹಂಚಿಕೆ, ವಿಸ್ತರಣೆಗಳನ್ನು ನಿರ್ಣಯಿಸುವ ಅಧಿಕಾರದಲ್ಲಿದೆ. ಆ ಅಧಿಕಾರವನ್ನು ಈ ಸೋದರಿಯರು ಬಿಟ್ಟುಕೊಡಲಿಲ್ಲ. 1974ರಲ್ಲಿ ಅಹಮದಾಬಾದಿನಲ್ಲಿ ಸುಮಾರು 4,000 ಶ್ರಮಜೀವಿ ಮಹಿಳೆಯರು ತಲಾ 10 ರೂಪಾಯಿ ಹಾಕಿ ‘ಸೇವಾ’ ಸಹಕಾರಿ ಬ್ಯಾಂಕನ್ನು ಕಟ್ಟಿದಾಗಲೂ ಇದೇ ತತ್ತ್ವ ಬೇರೊಂದು ಕ್ಷೇತ್ರದಲ್ಲಿ ಫಲಿಸಿತು.

2021ರಲ್ಲಿ ಜಸ್ವಂತಿಬೆನ್ನರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಆ ವೇಳೆಗೆ ಸಂಸ್ಥೆಯ ಸದಸ್ಯೆಯರ ಸಂಖ್ಯೆ 40,000ವನ್ನು ಮೀರಿತ್ತು. ಗೌರವ ತಡವಾಗಿ ಬಂದರೂ ಬಂದಿತು. ಬರಬೇಕಾದುದು ಇತಿಹಾಸಕಾರರ ಗಮನ. ನಮ್ಮ ನಗರಗಳ ಚಾಳುಗಳಲ್ಲಿ, ವಠಾರಗಳಲ್ಲಿ ಉಪ್ಪಿನಕಾಯಿ, ಮಸಾಲೆಪುಡಿ, ಹೊಲಿಗೆಗಳಿಂದ ಸಂಸಾರ ನಡೆಸಿದ ಕನ್ನಡ ಹೆಣ್ಣುಮಕ್ಕಳ ಲೆಕ್ಕದ ಪುಸ್ತಕಗಳು ಎಲ್ಲಿಯಾದರೂ ಉಳಿದಿದ್ದರೆ, ಅವು ರದ್ದಿಗೆ ಹೋಗುವ ಮುನ್ನ ಸಂಗ್ರಹಿಸುವುದು ನಮ್ಮಂಥ ಸಂಘಗಳ ಕರ್ತವ್ಯವಾಗಿದೆ.